ಒಲೆಯ ಮುಂದೆ ಚಪ್ಪಲಿ

ಅಡುಗೆಮನೆಯ ನೆಲದ ಮೇಲೆ ಕೆಂಪು ಕಲೆ ಕಂಡಾಗ ನಾನು ಮೊದಲು ಬೈದದ್ದು ಚಟ್ನಿಯನ್ನು. ಹಿಂದಿನ ದಿನ ಹಣ್ಣುಮೆಣಸಿನಕಾಯಿ ರುಬ್ಬಿ ಕೆಂಪು ಚಟ್ನಿ ಮಾಡಿದ್ದೆ, ಅದೇ ಎಲ್ಲೋ ಚೆಲ್ಲಿರಬೇಕು ಎಂದುಕೊಂಡು ಒರೆಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಕಂಡಿತು, ಮತ್ತೆ ಒರೆಸಿದೆ. ಮೂರನೆಯ ಸಲ ಸರಿಯಾಗಿ ನೋಡಿದರೆ ಕಲೆಗಳು ಒಲೆಯಿಂದ ಹಿಟ್ಟಿನ ಡಬ್ಬಿಯವರೆಗೆ, ಡಬ್ಬಿಯಿಂದ ನೀರಿನ ಕೊಡದವರೆಗೆ, ಅಲ್ಲಿಂದ ತಿರುಗಿ ಒಲೆಯವರೆಗೆ ಇದ್ದವು. ನಾನು ಓಡಾಡಿದ ದಾರಿಯೇ ಅದು. ಕೂತು ಎಡಗಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡೆ. ಹೆಬ್ಬೆರಳಿನ ಕೆಳಗೆ ಎರಡು ರೂಪಾಯಿ ಬಿಲ್ಲೆಯಷ್ಟು ಜಾಗದಲ್ಲಿ ಚರ್ಮವೇ ಇರಲಿಲ್ಲ. ನೋವೂ ಇರಲಿಲ್ಲ. ನೋವಿಲ್ಲವಲ್ಲ ಎಂದು ನನಗೆ ಸಮಾಧಾನವಾಯಿತು, ಅಷ್ಟು ದಡ್ಡಿ ನಾನು.

ಸಂಶಿ ಊರಿನ ನಮ್ಮ ಮನೆಯಲ್ಲಿ ಕೂತು ನಾನು ಜೋಳದ ರೊಟ್ಟಿ ಬಡಿದು ಮಾರುತ್ತೇನೆ. ದಿನಕ್ಕೆ ಇನ್ನೂರು. ಅದರಲ್ಲಿ ನೂರೈವತ್ತು ಮೆತ್ತನೆಯವು ಹುಬ್ಬಳ್ಳಿಯ ಒಂದು ಖಾನಾವಳಿಗೆ ಒಂಬತ್ತೂವರೆಯ ಬಸ್ಸಿನಲ್ಲಿ ಹೋಗಬೇಕು. ಉಳಿದವು ಖಡಕ್ ರೊಟ್ಟಿ, ಊರಿನ ಮನೆಗಳಿಗೆ. ಬಲಗಾಲು ಮಡಚಿ, ಎಡಗಾಲನ್ನು ಒಲೆಯ ಬಾಯಿಯ ಕಡೆಗೆ ಚಾಚಿ ಮಣೆಯ ಮೇಲೆ ಕೂತರೆ ಕೈಗೆ ಎಲ್ಲವೂ ಎಟುಕುತ್ತದೆ. ಹಂಚಿನ ಮೇಲೆ ಬೆಂದ ರೊಟ್ಟಿಯನ್ನು ಖಡಕ್ ಆಗಲೆಂದು ಒಲೆಗೆ ಆನಿಸಿ ನಿಲ್ಲಿಸುತ್ತೇವೆ, ಅದಕ್ಕಾಗಿ ಕೆಂಡವನ್ನು ಮುಂದಕ್ಕೆ ಎಳೆದುಕೊಂಡಿರುತ್ತೇವೆ. ನನ್ನ ಎಡಗಾಲು ಇದ್ದದ್ದು ಆ ಕೆಂಡದ ಬಾಜುವಿನಲ್ಲಿ. ಹಂಚು ಎಷ್ಟು ಕಾದಿದೆ ಎಂಬುದನ್ನು ನನ್ನ ಕೈ ಒಂದು ಗೇಣು ದೂರದಿಂದಲೇ ಹೇಳುತ್ತದೆ. ಕಾಲು ಮಾತ್ರ ಯಾವಾಗಲೋ ಹೇಳುವುದನ್ನು ಬಿಟ್ಟಿತ್ತು. ಸಕ್ಕರೆ ಕಾಯಿಲೆ ಇರುವುದು ಗೊತ್ತಿತ್ತು, ಗುಳಿಗೆಯೂ ಇತ್ತು. ನೆನಪಾದ ದಿನ ನುಂಗುತ್ತಿದ್ದೆ. ಕಾಲು ಜೋಮು ಹಿಡಿದರೆ ಕೂತು ಕೂತು ಹಿಡಿದಿದೆ ಎಂದು ಕೊಡವಿ ಏಳುತ್ತಿದ್ದೆ.

ಮರುದಿನ ಕುಂದಗೋಳದ ಡಾಕ್ಟರ್ ಹತ್ತಿರ ಹೋದೆ. ಆಕೆ ನನಗಿಂತ ಚಿಕ್ಕವರು, ಮಾತು ಕಡಿಮೆ. ಗಾಯವನ್ನು ತೊಳೆದು, ಸಣ್ಣ ಕಡ್ಡಿಯಿಂದ ಒತ್ತಿ ನೋಡಿದರು. ನನಗೆ ಏನೂ ಆಗಲಿಲ್ಲ. ಆಗಲಿಲ್ಲ ಎಂದಾಗ ಅವರ ಮುಖ ಬದಲಾಯಿತು.

"ಮುಂಜಾನಿ ನಾಷ್ಟಾ ಎಷ್ಟಕ್ಕ ಮಾಡ್ತೀರಿ?"

"ನಾಷ್ಟಾ ಇಲ್ರಿ. ಕೆಲಸ ಮುಗದ ಮ್ಯಾಲ ಊಟಾನ ಮಾಡ್ತೀನ್ರಿ."

"ಕೆಲಸ ಎಷ್ಟಕ್ಕ ಮುಗೀತೈತಿ?"

"ಎರಡಕ್ರಿ. ಒಮ್ಮೊಮ್ಮೆ ಮೂರಕ್ರಿ."

"ಏಳೂದು?"

"ನಾಕೂವರಿಗ್ರಿ."

ಅವರು ಪೆನ್ನು ಕೆಳಗಿಟ್ಟರು. "ಹತ್ತ ತಾಸ ಏನೂ ತಿನ್ನೂದಿಲ್ಲ?"

"ಚಹಾ ಕುಡೀತೀನ್ರಿ."

ಎಷ್ಟು ಎಂದು ಕೇಳಿದರು. ಎಂಟು ಎಂದೆ. ಹತ್ತಕ್ಕಿಂತ ಕಡಿಮೆ ಇರಲಿಲ್ಲ, ಎಲ್ಲಕ್ಕೂ ಸಕ್ಕರೆ ಇತ್ತು. ಮನೆಯಲ್ಲೇ ದುಡಿಯುವವಳ ಬಾಗಿಲು ಸದಾ ತೆರೆದಿರುತ್ತದೆ. ಮಗುವನ್ನು ಅರ್ಧ ತಾಸು ನೋಡಿಕೋ ಎನ್ನುವವರು, ಪಾರ್ಸೆಲ್ ಬಂದರೆ ಇಸಿದುಕೋ ಎನ್ನುವವರು, ಸುಮ್ಮನೆ ಕೂತು ಸೊಸೆಯನ್ನು ಬೈಯಲು ಬರುವವರು, ಎಲ್ಲರೂ ಬರುತ್ತಾರೆ. ಹೆಂಗಿದ್ರೂ ಮನ್ಯಾಗ ಇರ್ತಿ ಅಲ್ಲ, ಎನ್ನುತ್ತಾರೆ. ಬಂದವರಿಗೆ ಚಹಾ ಕೊಡಬೇಕು, ಕೊಟ್ಟಮೇಲೆ ಜೊತೆಗೆ ನಾವೂ ಕುಡಿಯಬೇಕು. ಹೊಟ್ಟೆ ಚುರುಗುಟ್ಟುವುದು ಅದರಿಂದಲೇ ಅಡಗುತ್ತಿತ್ತು.

ಡಾಕ್ಟರ್ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರು. ಎಂಟಕ್ಕೆ, ಒಂದಕ್ಕೆ, ರಾತ್ರಿ ಎಂಟಕ್ಕೆ ಊಟ. ಗುಳಿಗೆ ತಪ್ಪಬಾರದು. ಚಹಾಕ್ಕೆ ಸಕ್ಕರೆ ಇಲ್ಲ. ಒಲೆಯ ಮುಂದೆ ನೆಲದ ಮೇಲೆ ಕೂರುವಂತಿಲ್ಲ. ಬೆಳಿಗ್ಗೆ ಸಂಜೆ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದರು. ಮನೆಯ ಒಳಗೂ ಬರಿಗಾಲಲ್ಲಿ ಒಂದು ಹೆಜ್ಜೆ ಇಡಬಾರದು, ಮೆತ್ತನೆಯ ರಬ್ಬರಿನ ಚಪ್ಪಲಿ ಹಾಕಿಕೊಂಡೇ ಇರಬೇಕು.

"ಮೂರ ವಾರ ನೋಡೂಣು. ಗಾಯ ಮಾಗಿದ್ರ ಬೆರಳ ಉಳೀತೈತಿ. ಇಲ್ಲಾಂದ್ರ ಹುಬ್ಬಳ್ಳಿಗೆ ಕಳಸ್ತೀನಿ, ಅಲ್ಲೆ ತಗದ ಬಿಡ್ತಾರ" ಎಂದರು.

ಬಸ್ಸಿನಲ್ಲಿ ಬರುವಾಗ ಹಾಳೆಯನ್ನು ಮತ್ತೆ ಮತ್ತೆ ಓದಿದೆ. ಕಚೇರಿಗೆ ಹೋಗುವವರಿಗೆ ಊಟದ ಬಿಡುವು ಇರುತ್ತದೆ, ರಜೆ ಇರುತ್ತದೆ, ಸಾಕು ಎದ್ದೇಳು ಎನ್ನಲು ಒಂದು ಗಂಟೆಯಾದರೂ ಹೊಡೆಯುತ್ತದೆ. ನನಗೆ ಯಜಮಾನಿ ನಾನೇ. ನನ್ನಂಥ ಕೆಟ್ಟ ಯಜಮಾನಿ ಬೇರೆ ಕಡೆ ಇದ್ದಿದ್ದರೆ ಎಂದೋ ಕೆಲಸ ಬಿಟ್ಟು ಬರುತ್ತಿದ್ದೆ.

ಮೊದಲ ತೊಡಕು ಊಟದ್ದು. ನಮ್ಮದು ಲಿಂಗ ಕಟ್ಟಿಕೊಂಡ ಮನೆ. ಸ್ನಾನ ಮಾಡಿ ಲಿಂಗಪೂಜೆ ಮುಗಿಸದೆ ಬಾಯಿಗೆ ಅನ್ನ ಇಡುವುದಿಲ್ಲ, ಚಹಾಕ್ಕೆ ಮಾತ್ರ ವಿನಾಯಿತಿ. ಒಲೆಯ ಮುಂದೆ ಕೂತರೆ ಮೈಯೆಲ್ಲ ಬೆವರು, ತಲೆಯೆಲ್ಲ ಹಿಟ್ಟು. ಸ್ನಾನ ಮಾಡಿ ಮತ್ತೆ ಅದರಲ್ಲೇ ಕೂರುವುದೇಕೆಂದು ನಾನು ಎಲ್ಲ ರೊಟ್ಟಿ ಮುಗಿಸಿ, ಆಮೇಲೆ ಸ್ನಾನ, ಆಮೇಲೆ ಪೂಜೆ, ಆಮೇಲೆ ಊಟ ಎಂದು ಇಟ್ಟುಕೊಂಡಿದ್ದೆ. ಹತ್ತು ವರ್ಷದ ರೂಢಿ ಅದು. ಅದನ್ನು ಬದಲಿಸುತ್ತೇನೆಂದರೆ ಅತ್ತೆ ಸುಮ್ಮನಿರಲಾರರು ಎಂದುಕೊಂಡು ಹೆದರುತ್ತಲೇ ಕೇಳಿದೆ.

"ಅತ್ತಿ, ನಾಳಿಂದ ನಾಕೂವರಿಗೇ ಜಳಕ ಮಾಡಿ ಪೂಜಿ ಮುಗಸ್ತೀನ್ರಿ. ಆಮ್ಯಾಲ ಒಲಿ ಹಚ್ಚತೀನಿ. ಎಂಟಕ್ಕ ಉಣಬೇಕಂತ್ರಿ."

ಅತ್ತೆ ನನ್ನ ಮುಖವನ್ನೇ ನೋಡಿದರು. "ಮಾಡ. ನಾ ಯಾವಾಗ ಬ್ಯಾಡ ಅಂದಿದ್ನಿ? ನೀನ ಮಧ್ಯಾಹ್ನ ಪೂಜಿಗಿ ಕುಂಡ್ರತಿದ್ದಿ, ನಿನಗ ಹಂಗ ಸೇರ್ತೈತಿ ಅಂದ್ಕೊಂಡಿದ್ನಿ."

ಹತ್ತು ವರ್ಷ ನನ್ನನ್ನು ಉಪವಾಸ ಇಟ್ಟದ್ದು ದೇವರಲ್ಲ, ಅತ್ತೆಯಲ್ಲ, ನಾನೇ. ಅಂದು ನನ್ನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಎರಡನೆಯದು ಒಲೆ. ನನ್ನ ಗಂಡ ಬಿತ್ತನೆ ಬೀಜದ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ರವಿವಾರ ಕೂತು ಇಟ್ಟಿಗೆಯ ಕಟ್ಟೆ ಕಟ್ಟಿ, ಮೇಲೆ ಕಡಪಾ ಕಲ್ಲು ಹಾಸಿ, ಗ್ಯಾಸಿನ ಒಲೆ ಇಟ್ಟುಕೊಟ್ಟರು. ನಿಂತು ರೊಟ್ಟಿ ಬಡಿಯುವುದು ಬೇರೆಯೇ ವಿದ್ಯೆ ಎಂದು ಮೊದಲ ದಿನವೇ ತಿಳಿಯಿತು. ಕೂತು ಬಡಿಯುವಾಗ ಪೆಟ್ಟು ಬರುವುದು ಮೊಣಕೈಯಿಂದ, ನಿಂತಾಗ ಭುಜದಿಂದ. ರೊಟ್ಟಿಗಳು ನಡುವೆ ತೆಳ್ಳಗಾಗಿ ಅಂಚಿನಲ್ಲಿ ಸೀಳತೊಡಗಿದವು. ಕಟ್ಟೆ ಮೂರು ಬೆರಳು ಎತ್ತರವಾಗಿತ್ತು, ಇಟ್ಟಿಗೆ ತೆಗೆಸಿ ತಗ್ಗಿಸಿದೆವು. ಬಿಸಿನೀರು ಸ್ವಲ್ಪ ಹೆಚ್ಚಿಗೆ ಹಾಕಿ ಹಿಟ್ಟನ್ನು ಮೆತ್ತಗೆ ನಾದಿ ನೋಡಿದೆ, ಆಗ ಅಂಚು ನಿಂತಿತು. ಮೂರು ದಿನ ಖಾನಾವಳಿಗೆ ನೂರೈವತ್ತರ ಬದಲು ನೂರೇ ಹೋದವು, ಫೋನಿನಲ್ಲಿ ಬೈಸಿಕೊಂಡೆ. ಐದನೆಯ ದಿನ ನೂರಾಮೂವತ್ತಕ್ಕೆ ಬಂತು. ಎಂಟಕ್ಕೆ ಗ್ಯಾಸ್ ಆರಿಸಿ, ಸ್ಟೂಲಿನ ಮೇಲೆ ಕೂತು, ನನ್ನ ಕೈಯ ರೊಟ್ಟಿಯನ್ನು ನಾನೇ ಬಿಸಿಯಾಗಿ ತಿಂದೆ. ಎಷ್ಟೋ ವರ್ಷದಿಂದ ತಣ್ಣಗಾದದ್ದನ್ನೇ ತಿಂದಿದ್ದೆ.

ಮೂರನೆಯದು ಚಪ್ಪಲಿ. ನೀಲಿ ಬಣ್ಣದ, ಬೆರಳಿನಿಂದ ಒತ್ತಿದರೆ ತಗ್ಗು ಬೀಳುವಷ್ಟು ಮೆತ್ತನೆಯ ಚಪ್ಪಲಿ ತಂದೆ. ನಮ್ಮ ಕಡೆ ಚಪ್ಪಲಿ ಹೊಸಿಲು ದಾಟುವುದಿಲ್ಲ. ಅಡುಗೆಮನೆಯಂತೂ ಕೇಳಲೇಬೇಡಿ, ನಮ್ಮ ದೇವರ ಜಗುಲಿ ಇರುವುದೂ ಅಲ್ಲೇ. ಅತ್ತೆ ಕಂಡವರೇ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟರು.

"ಏನ ಬೇ ಇದು? ಚಪ್ಪಲ್ ಮೆಟ್ಟಿ ಒಲಿ ಮುಂದ ನಿಂದ್ರತಿಯೇನು? ಒಲಿಗಿ ಕುಂಕುಮ ಹಚ್ಚತೀವಿ ಅಲ್ಲ, ಅದೂ ದೇವರಲ್ಲೇನು?"

"ಇವು ಹೊರಗ ಹೋಗೂದಿಲ್ಲ ಅತ್ತಿ. ದಿನಾ ತೊಳೀತೀನ್ರಿ. ಬೆರಳ ತಗೀತಾರಂತ್ರಿ."

ಅವರು ತಂಬಿಗೆ ಎತ್ತಿಕೊಂಡು ಹೊರಗೆ ಹೋದರು. ಮಧ್ಯಾಹ್ನ ಜಗುಲಿಯ ಮೇಲಿನ ಮೂರ್ತಿ, ಗಂಟೆ, ದೀಪದ ಕಂಬ ಎಲ್ಲವನ್ನೂ ಒಂದೊಂದಾಗಿ ಪಡಸಾಲೆಗೆ ಒಯ್ದು ಗೋಡೆಯ ಮಾಡದಲ್ಲಿ ಜೋಡಿಸಿದರು. "ನಾ ಏನೂ ನೋಡಿಲ್ಲ" ಎಂದು ಅಡುಗೆಮನೆಗೆ ಬೆನ್ನು ಹಾಕಿ ಕೂತರು. ಎಪ್ಪತ್ತು ದಾಟಿದ ಆ ಹೆಂಗಸು ಅಷ್ಟು ಮಾಡಿದ್ದು ದೊಡ್ಡದು. ನನಗೆ ಅಡ್ಡ ಬಂದವರು ಬೇರೆಯವರು.

ನಮ್ಮ ಓಣಿಯ ಕೊನೆಗೆ ಬ್ಯಾಂಕಿನಿಂದ ನಿವೃತ್ತರಾದವರ ಮನೆಯಿದೆ. ಅವರಿಗೂ ಸಕ್ಕರೆ ಕಾಯಿಲೆ. ಅವರ ಹೆಂಡತಿ ಗಂಡನಿಗಾಗಿ ದಿನಾ ಎಂಟು ರೊಟ್ಟಿ ಒಯ್ಯುತ್ತಿದ್ದರು, ಊರಿನ ಮನೆಗಳ ಗಿರಾಕಿ ಬಹುಪಾಲು ಬಂದದ್ದು ಅವರ ಬಾಯಿಂದಲೇ. ಆರನೆಯ ದಿನ ಅವರು ಒಳಗೆ ಬಂದು ನನ್ನ ಕಾಲು ನೋಡಿ ಅಲ್ಲೇ ನಿಂತರು.

"ಅಯ್ಯ, ಚಪ್ಪಲ್ ಹಾಕ್ಕೊಂಡ ಬಡೀತೀರಿ? ನಮ್ಮ ಮನ್ಯಾಗ ಇದನ್ನ ನೈವೇದ್ಯಕ್ಕ ಇಡ್ತೀವ್ರಿ!"

"ಕಾಲಿಗಿ ಗಾಯ ಆಗೇತ್ರಿ ಅಕ್ಕಾರ. ಶುಗರಿಂದು. ಡಾಕ್ಟರ್ ಹೇಳ್ಯಾರ."

"ಶುಗರ್ ನಮ್ಮ ಮನ್ಯಾಗೂ ಐತಿ. ನಮ್ಮವರೇನ ಚಪ್ಪಲ್ ಹಾಕ್ಕೊಂಡ ದೇವರ ಮುಂದ ಕುಂಡ್ರತಾರೇನು?"

ಅವರ ಮನೆಯವರು ಸೋಫಾದ ಮೇಲೆ ಕೂತು ಪೇಪರ್ ಓದುವವರು, ಅವರ ಕಾಲ ಬಾಜು ಕೆಂಡ ಇರುವುದಿಲ್ಲ. ಇದನ್ನು ಹೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು, ಗಿರಾಕಿ ಎಂದು ನುಂಗಿಕೊಂಡೆ. ಮರುದಿನ ಅವರು ಬರಲಿಲ್ಲ. ಹಿಟ್ಟಿನ ಗಿರಣಿಯಲ್ಲಿ ಮಾತು ಹರಿದಾಡಿತು. ನಾಲ್ಕು ದಿನದಲ್ಲಿ ಊರಿನ ಐವತ್ತು ರೊಟ್ಟಿ ಹನ್ನೆರಡಕ್ಕೆ ಇಳಿದವು. ಹೊಲಸು ಕೈ ಎಂದು ಯಾರೂ ಅನ್ನಲಿಲ್ಲ. ಆಕಿಗಿ ಈಗ ಮಡಿ ಉಳಿದಿಲ್ಲ, ಎಂದರಂತೆ.

ಇಷ್ಟರ ನಡುವೆಯೂ ಗಾಯ ಮಾಗುತ್ತಿತ್ತು. ಬೆಳಿಗ್ಗೆ ಸಂಜೆ ಕೈಗನ್ನಡಿ ನೆಲಕ್ಕಿಟ್ಟು, ಮೇಲೆ ಕಾಲು ಹಿಡಿದು ನೋಡುತ್ತಿದ್ದೆ. ಹದಿಮೂರನೆಯ ದಿನ ಡಾಕ್ಟರ್ ಅಳತೆಯ ಪಟ್ಟಿ ಇಟ್ಟು ನೋಡಿದರು. ಬಿಲ್ಲೆಯಷ್ಟಿದ್ದದ್ದು ಕಡಲೆಕಾಳಿನಷ್ಟಾಗಿತ್ತು. ರಕ್ತದಲ್ಲಿ ಸಕ್ಕರೆಯೂ ಇಳಿದಿತ್ತು.

"ಛಲೋ ಮಾಡೀರಿ. ಇನ್ನೊಂದ ವಾರ ಹಿಂಗ ಗಟ್ಟಿ ಇರ್ರಿ, ಬೆರಳ ನಿಮ್ಮದ" ಎಂದರು. ನನ್ನ ಕೆಲಸವನ್ನು ಯಾರಾದರೂ ಹಾಗೆ ಮೆಚ್ಚಿ ಬಹಳ ವರ್ಷವಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಕೂತು ಅತ್ತುಬಿಟ್ಟೆ.

ಅದೇ ಸಂಜೆ ಬ್ಯಾಂಕಿನವರ ಹೆಂಡತಿ ಮನೆಗೆ ಬಂದರು, ಮುಖದಲ್ಲಿ ನಗು. ಅವರ ಮಗಳ ಕುಬಸ, ಅಂದರೆ ಬಸುರಿಗೆ ಮಾಡುವ ಸೀಮಂತ. ಬೀಗರ ಊರಿಗೆ ಬುತ್ತಿ ಒಯ್ಯಬೇಕು, ಅದಕ್ಕೆ ಆರುನೂರು ಖಡಕ್ ರೊಟ್ಟಿ.

"ನಿಮ್ಮ ಕೈ ರೊಟ್ಟಿನ ಬೇಕಂತಾಳ ಮಗಳು. ಆದ್ರ ಶುಭ ಕೆಲಸ ನೋಡ್ರಿ. ಕಟ್ಟಿಗಿ ಒಲಿ ಮ್ಯಾಲ ಆಗಬೇಕು, ಗ್ಯಾಸಿನಾವು ಖಡಕ್ ಆಗಂಗಿಲ್ಲ. ನಮ್ಮ ನೆಗೆಣ್ಣಿ, ಅತ್ತಿಗಿ ಇಬ್ರೂ ಬಂದ ಬಾಜುಕ ಕುಂಡ್ರತಾರ. ಚಪ್ಪಲ್ ಒಂದ ನಾಕ ದಿನ ಬ್ಯಾಡ್ರಿ."

"ಗಾಯ ಇನ್ನೂ ಪೂರಾ ಮಾಗಿಲ್ರಿ ಅಕ್ಕಾರ."

"ಆ ಗಾಯದ ಮಾತ ಅವರ ಮುಂದ ತಗೀಬ್ಯಾಡ್ರಿ. ಬಸುರಿ ಬುತ್ತಿಗಿ ಗಾಯ ಆದ ಹೆಣಮಗಳ ಕೈ ಹಚ್ಯಾಳ ಅಂದ್ರ ಒಂದ ಹೋಗಿ ಒಂದ ಆಗತೈತಿ. ನಾಕ ದಿನ ಅಷ್ಟ. ಆಮ್ಯಾಲ ನಾನ ಎಲ್ಲಾರಿಗೂ ಹೇಳ್ತೀನಿ, ಮಡಿಯಿಂದ ಮಾಡ್ತಾರ ಅಂತ."

ನಾನು ಒಪ್ಪಿದೆ. ಈ ಒಂದು ಮಾತನ್ನು ಬರೆಯುವುದಕ್ಕೆ ಇಷ್ಟು ಹೊತ್ತು ಸುತ್ತಿ ಬಳಸಿ ಬಂದೆ. ಹೊಟ್ಟೆಗಿಲ್ಲದೆ ಒಪ್ಪಿದ್ದಲ್ಲ, ಖಾನಾವಳಿಯ ಗಿರಾಕಿ ಇತ್ತು, ಗಂಡನ ಪಗಾರ ಇತ್ತು. ಊರಿನಲ್ಲಿ ಹತ್ತು ವರ್ಷ ಗಳಿಸಿದ ಹೆಸರು ಒಂದು ಜೋಡು ಚಪ್ಪಲಿಗೆ ಹೋಯಿತಲ್ಲ ಎಂಬ ಉರಿ ಒಳಗಿತ್ತು. ಅವರ ಮುಂದೆ ನಾನು ಮಡಿಯವಳೇ ಎಂದು ತೋರಿಸಬೇಕಿತ್ತು. ಗಂಡ ಬೇಡ ಎಂದರು. ನಾಲ್ಕು ದಿನದಲ್ಲಿ ಏನಾಗುತ್ತದೆ ಎಂದು ಅವರ ಬಾಯಿ ಮುಚ್ಚಿಸಿದೆ.

ಬೆಳಿಗ್ಗೆ ಐದರಿಂದ ಖಾನಾವಳಿಯ ರೊಟ್ಟಿ, ಚಪ್ಪಲಿ ಹಾಕಿಕೊಂಡೇ. ಒಂಬತ್ತೂವರೆಯ ಬಸ್ಸಿಗೆ ಗಂಟು ಕಳಿಸಿ, ಚಪ್ಪಲಿಯನ್ನು ಹಿತ್ತಲಲ್ಲಿ ಅಡಗಿಸಿ, ಹಳೆಯ ಒಲೆ ಹೊತ್ತಿಸಿ ಮಣೆಯ ಮೇಲೆ ಕೂರುತ್ತಿದ್ದೆ. ಹತ್ತಕ್ಕೆ ಇಬ್ಬರು ಹಿರಿಯ ಹೆಂಗಸರು ಬರುತ್ತಿದ್ದರು. ಒಲೆಗೆ ಕುಂಕುಮ ಹಚ್ಚಿ, ಮೊದಲ ರೊಟ್ಟಿಯನ್ನು ತಾವೇ ಹಂಚಿಗೆ ಹಾಕಿ, ಬಾಜು ಕೂತು ಬಾಯಿ ತುಂಬ ಮಾತಾಡುತ್ತಿದ್ದರು. ಒಳ್ಳೆಯವರೇ. ನನ್ನ ಕಾಲಿನ ವಿಷಯ ಅವರಿಗೆ ಗೊತ್ತಿರಲಿಲ್ಲ. ಗಾಯಕ್ಕೆ ಕಟ್ಟಿದ ಪಟ್ಟಿ ಕಂಡರೆ ಕೇಳಿಯಾರು ಎಂದು ಅದನ್ನು ಬಿಚ್ಚಿ, ಕಾಲ ಮೇಲೆ ಸೀರೆಯ ನೆರಿಗೆ ಎಳೆದುಕೊಂಡು ಕೂರುತ್ತಿದ್ದೆ. ಕಾಲು ಹಳೆಯ ಜಾಗಕ್ಕೇ ಹೋಗಿ ಚಾಚಿಕೊಂಡಿತು, ಯಾರೂ ಹೇಳಿಕೊಡಬೇಕಾಗಲಿಲ್ಲ.

ಎಂಟರ ಊಟ ಮೊದಲ ದಿನ ಇತ್ತು. ಎರಡನೆಯ ದಿನ ಕಟ್ಟಿಗೆ ಒಡೆಸುವ ಗಡಿಬಿಡಿಯಲ್ಲಿ ಹತ್ತಕ್ಕೆ ಹೋಯಿತು, ಹತ್ತಕ್ಕೆ ಅವರು ಬಂದರು. ಬುತ್ತಿಯ ರೊಟ್ಟಿ ಆಗುವಾಗ ನಡುವೆ ಎದ್ದು ಉಣ್ಣುವುದು ಹೇಗೆಂದು ಅವರೊಂದಿಗೆ ಚಹಾ ಕುಡಿದೆ. ಸಕ್ಕರೆ ಬೇಡ ಎಂದರೆ ಏಕೆಂದು ಕೇಳುತ್ತಾರೆ, ಸಕ್ಕರೆ ಹಾಕಿಯೇ ಕುಡಿದೆ. ಮೂರನೆಯ ದಿನ ಗುಳಿಗೆ ಮರೆತೆ. ಸಂಜೆ ಅವರು ಹೋಗುವಷ್ಟರಲ್ಲಿ ಸೊಂಟ ಸೆಟೆದಿರುತ್ತಿತ್ತು, ಕನ್ನಡಿ ತೆಗೆಯುವ ಮನಸ್ಸಾಗಲಿಲ್ಲ. ನಿಜ ಹೇಳಬೇಕೆಂದರೆ ನೋಡಲು ಹೆದರಿದ್ದೆ. ಹದಿಮೂರು ದಿನ ಒಂದೊಂದೇ ಇಟ್ಟಿಗೆ ಇಟ್ಟು ಕಟ್ಟಿದ್ದು ಮೂರು ದಿನದಲ್ಲಿ ಹೀಗೆ ಕುಸಿಯಿತು.

ನಾಲ್ಕನೆಯ ದಿನ ಕೊನೆಯ ರೊಟ್ಟಿಗಳನ್ನು ಒಲೆಗೆ ಆನಿಸುತ್ತಿದ್ದೆ. ಬಾಜು ಕೂತಿದ್ದ ಹೆಂಗಸು ಮೂಗು ಎಳೆದು, "ಏನೋ ಸುಟ್ಟ ವಾಸನಿ ಬರಾಕತ್ತೇತಿ ನೋಡವಾ, ಅರಿವಿ ಗಿರಿವಿ ಬೆಂಕ್ಯಾಗ ಬಿದ್ದಾವೇನು?" ಎಂದರು. ಸೀರೆಯ ಅಂಚು ನೋಡಿದೆ, ಅದು ಸರಿಯಿತ್ತು. ನೆರಿಗೆ ಎತ್ತಿದೆ. ಕಡಲೆ ಗಾತ್ರದ ಕೆಂಡವೊಂದು ಹೆಬ್ಬೆರಳಿಗೂ ಅದರ ಪಕ್ಕದ ಬೆರಳಿಗೂ ನಡುವೆ ಸಿಕ್ಕಿಕೊಂಡಿತ್ತು. ನನಗೆ ಏನೂ ತಿಳಿದಿರಲಿಲ್ಲ. ಇಬ್ಬರೂ ಶಿವಶಿವಾ ಎಂದು ಎದ್ದು ನಿಂತರು. ನಾನು ಚಿಮಟಿಗೆಯಿಂದ ಕೆಂಡ ತೆಗೆದು ಒಲೆಗೆ ಹಾಕಿದೆ. ಇನ್ನೂ ಹನ್ನೊಂದು ರೊಟ್ಟಿ ಬಾಕಿ ಇದ್ದವು, ಅವನ್ನೂ ಖಡಕ್ ಮಾಡಿ ಮುಗಿಸಿದೆ.

ಆ ಹೊತ್ತಿಗಾಗಲೇ ಹೆಬ್ಬೆರಳು ಊದಿ ಅಡಿಯಲ್ಲಿ ಕಪ್ಪಾಗಿತ್ತು. ಮರುದಿನ ಕುಂದಗೋಳದ ಡಾಕ್ಟರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಚಪ್ಪಲ್ ಎಷ್ಟ ದಿನ ಬಿಟ್ಟಿದ್ರಿ?"

"ನಾಕ ದಿನಾರಿ."

"ಯಾಕ್ರಿ?"

ನಾನು ಸೀರೆಯ ನೆರಿಗೆಯನ್ನು ಕಾಲ ಮೇಲೆ ಎಳೆದುಕೊಂಡೆ. ಅವರು ಹುಬ್ಬಳ್ಳಿಗೆ ಚೀಟಿ ಬರೆದರು. ಅಲ್ಲಿ ಎರಡು ದಿನ ಇಟ್ಟು ನೋಡಿ, ಮೂರನೆಯ ದಿನ ಹೆಬ್ಬೆರಳನ್ನು ತೆಗೆದರು. ತೆಗೆಯುವಾಗಲೂ ನೋಯಲಿಲ್ಲ. ಮನೆಗೆ ಬಂದು ಮೊದಲ ಸಲ ಎದ್ದು ನಿಂತಾಗ ಮುಂದಕ್ಕೆ ಮುಗ್ಗರಿಸಿ ಗೋಡೆ ಹಿಡಿದೆ. ನೆಲವನ್ನು ಒತ್ತಿ ಹಿಡಿಯುವುದು ಆ ಬೆರಳು ಎಂಬುದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಅತ್ತೆಯೇ ನೀಲಿ ಚಪ್ಪಲಿಯನ್ನು ತೊಳೆದು, ಒರೆಸಿ, ತಂದು ನನ್ನ ಕಾಲ ಹತ್ತಿರ ಇಟ್ಟರು.

ಈಗ ನನ್ನ ದಿನಚರಿಯಲ್ಲಿ ಹುಳುಕು ಹುಡುಕಿದರೂ ಸಿಗುವುದಿಲ್ಲ. ನಾಲ್ಕೂವರೆಗೆ ಸ್ನಾನ, ಪೂಜೆ. ಎಂಟಕ್ಕೆ ಗ್ಯಾಸ್ ಆರುತ್ತದೆ, ಯಾರು ಬಂದು ಕೂತಿದ್ದರೂ ಆರುತ್ತದೆ. ಸಕ್ಕರೆ ಹಾಕಿದ ಚಹಾ ಅವರಿಗೆ, ನನಗೆ ಬರಿ ನೀರು. ಒಂದರಿಂದ ಮೂರರವರೆಗೆ ಬಾಗಿಲು ಹಾಕಿರುತ್ತದೆ. ಬಡಿದರೆ ತೆಗೆಯುವುದಿಲ್ಲ, ಸೊಕ್ಕು ಎಂದರೆ ಅನ್ನಲಿ ಎಂದು ಬಿಟ್ಟಿದ್ದೇನೆ. ಒಳ್ಳೆಯ ರೂಢಿಗೆ ಮನಸ್ಸು ಗಟ್ಟಿ ಇರಬೇಕು ಎಂದು ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನನ್ನ ಮನಸ್ಸು ಹದಿಮೂರು ದಿನ ಗಟ್ಟಿಯೇ ಇತ್ತು. ಹದಿನಾಲ್ಕನೆಯ ದಿನ ನಾಲ್ಕು ಜನರ ಬಾಯಿ ಅದಕ್ಕಿಂತ ಗಟ್ಟಿಯಾಯಿತು.

ಕೆಲಸ ಮತ್ತೆ ಶುರುವಾದ ಎರಡನೆಯ ವಾರ ಬ್ಯಾಂಕಿನವರ ಹೆಂಡತಿ ಬಂದರು. ಕೈಯಲ್ಲಿ ನಾಲ್ಕು ಮೂಸಂಬಿ. ಕುಬಸ ಚೆನ್ನಾಗಿ ಆಯಿತಂತೆ, ಬೀಗರು ರೊಟ್ಟಿಯನ್ನು ಬಾಯಿ ತುಂಬ ಹೊಗಳಿದರಂತೆ. ನನ್ನ ಪಾದ ನೋಡಿ ಕಣ್ಣಲ್ಲಿ ನೀರು ತಂದುಕೊಂಡರು. ಸುಳ್ಳು ನೀರೂ ಅಲ್ಲ ಅದು. ಮೊದಲಿನಂತೆ ದಿನಾ ಎಂಟು ರೊಟ್ಟಿ ಬೇಕು, ಊರಿನ ಉಳಿದವರಿಗೂ ಹೇಳಿದ್ದೇನೆ ಎಂದರು.

"ಇನ್ನಮ್ಯಾಲ ಆರಾಮ ಚಪ್ಪಲ್ ಹಾಕ್ಕೊಂಡ ಬಡೀರಿ ಅಕ್ಕಾರ. ನಾವೇನೂ ಅನ್ನಂಗಿಲ್ಲ. ನಿಮ್ಮ ಕಾಲ ಹಿಂಗಾಗೇತಿ, ಪಾಪ."

ನಾನು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದೆ. "ಈ ಮಾತ ಆವತ್ತ ಅಂದಿದ್ರ ಹತ್ತೂ ಬೆರಳಿಗಿ ಹಾಕ್ಕೋತಿದ್ನಿರಿ."

ಅವರಿಗೆ ಕೇಳಿಸಿತು. ಕೇಳಿಸದವರಂತೆ ಎಂಟು ರೊಟ್ಟಿಯನ್ನು ಅರಿವೆಯಲ್ಲಿ ಕಟ್ಟಿಕೊಂಡು ಎದ್ದರು. ಹೊಸಿಲಾಚೆ ಬಿಟ್ಟಿದ್ದ ತಮ್ಮ ಚಪ್ಪಲಿಯನ್ನು ಮೆಟ್ಟಿಕೊಂಡು ಮನೆಗೆ ಹೋದರು.